ಬಚ್ಚಲ ಹಿಂದಿನ ಮೂಲೆ

ಹೋದ ತಿಂಗಳು ಒಂದು ಮದುವೆ ಮುಗಿಸಿಕೊಂಡು ಹರಿಹರದಲ್ಲಿ ದಾವಣಗೆರೆಯ ಬಸ್ಸು ಹತ್ತಿದೆ. ಕಿಟಕಿ ಪಕ್ಕದ ಜಾಗ ಸಿಕ್ಕಿತು. ಈ ವಯಸ್ಸಿನಲ್ಲಿ ಅದು ಸಣ್ಣ ಸಾಧನೆಯಲ್ಲ. ಅದರ ಸಂತೋಷದಲ್ಲಿರುವಾಗಲೇ ಒಬ್ಬ ಹೆಣ್ಣುಮಗಳು ಬಂದು ಮುಂದಿನ ಸೀಟಿನಲ್ಲಿ ಕೂತಳು. ಮುಡಿಯಲ್ಲಿ ಕನಕಾಂಬರದ ದಂಡೆ, ನಡುನಡುವೆ ಮರುಗ. ಮರುಗಕ್ಕೆ ಬಣ್ಣವಿಲ್ಲ, ಹೂವು ಎನ್ನುವಂಥ ಹೂವಿಲ್ಲ. ಬೂದು ಹಸಿರಿನ ಸಣ್ಣ ಎಲೆಗಳ ಬಡ ಗಿಡ ಅದು. ವಾಸನೆಯೊಂದೇ ಅದರ ಆಸ್ತಿ. ಆ ಆಸ್ತಿ ದಾವಣಗೆರೆ ಬರುವವರೆಗೂ ಗಾಳಿಯ ಜೊತೆ ನನ್ನ ಮುಖಕ್ಕೆ ಬಡಿಯುತ್ತಲೇ ಇತ್ತು. ಎದ್ದು ಬೇರೆ ಕಡೆ ಕೂರಬಹುದಿತ್ತು. ಕಿಟಕಿ ಬಿಡಲು ಮನಸ್ಸಿಲ್ಲ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ.

ಆ ವಾಸನೆ ನನಗೆ ಅಂಟಿಕೊಂಡದ್ದು ಐವತ್ತರ ದಶಕ ಮುಗಿಯುತ್ತಿದ್ದ ಕಾಲದಲ್ಲಿ. ನಾನು ದಾವಣಗೆರೆಯಲ್ಲಿ ಒಂದು ಸರ್ಕಾರಿ ಕಚೇರಿಯ ಗುಮಾಸ್ತ. ಕಚೇರಿ ಯಾವುದು ಎನ್ನುವುದು ಇಲ್ಲಿ ಬೇಡ. ಅಲ್ಲಿ ನಡೆಯುತ್ತಿದ್ದ ಕೆಲಸವೇನೆಂದು ಅಲ್ಲಿದ್ದ ನಮಗೂ ಪೂರ್ತಿ ತಿಳಿದಿರಲಿಲ್ಲ. ದೇಶವೆಲ್ಲ ಪಂಚವಾರ್ಷಿಕ ಯೋಜನೆಯಲ್ಲಿ ಮುಳುಗಿತ್ತು. ಅಣೆಕಟ್ಟು, ಕಾಲುವೆ, ಉಕ್ಕು ಇಲ್ಲದ ಪತ್ರಿಕೆಯೇ ಇರಲಿಲ್ಲ. ಅದೇ ಸಮಯದಲ್ಲಿ ನಿಟ್ಟುವಳ್ಳಿಯ ಒಂದು ಬಾಡಿಗೆ ಮನೆಯ ಹಿತ್ತಲಲ್ಲಿ, ಯಾವ ಪತ್ರಿಕೆಯ ಗಮನಕ್ಕೂ ಬಾರದೆ, ಒಂದೇ ಮಳೆಗಾಲದ ಒಂದು ಯೋಜನೆ ನಡೆಯಿತು. ಅದರ ಅಧ್ಯಕ್ಷ, ಕಾರ್ಯದರ್ಶಿ, ಕೂಲಿಯಾಳು ಮೂರೂ ನಾನೇ.

ಆಗ ನಿಟ್ಟುವಳ್ಳಿ ಇನ್ನೂ ಹಳ್ಳಿ. ನಮ್ಮ ಹಿತ್ತಲ ಗೋಡೆಯ ಆಚೆ ಜೋಳದ ಹೊಲ, ಅದರಾಚೆ ಆಕಾಶ. ಹಿತ್ತಲ ಬಾಗಿಲು ತೆರೆದರೆ ಮಾತ್ರ ಹೊಲವೂ ಕಾಣುತ್ತಿರಲಿಲ್ಲ, ಆಕಾಶವೂ ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ಬಚ್ಚಲ ಹಿಂದಿನ ಮೂಲೆ. ನೀರೊಲೆಯ ಬೂದಿಯ ಗುಡ್ಡೆ, ಒಡೆದ ಮಡಕೆಗಳು, ಬಚ್ಚಲ ನೀರು ನಿಂತು ಕಪ್ಪಗಾದ ಎರೆಮಣ್ಣು, ಯಾರೋ ಹಿಂದಿನ ಬಾಡಿಗೆಯವರು ಬಿಟ್ಟುಹೋದ ಒಂದು ಬಿರುಕು ಒರಳುಕಲ್ಲು. ಇಷ್ಟು ಬೇಸರದ ಮೂಲೆಯನ್ನು ಬೇಕೆಂದು ಮಾಡಲು ಕೂತರೂ ಮಾಡಲಾಗುತ್ತಿರಲಿಲ್ಲ. ಹಲವು ಬಾಡಿಗೆದಾರರ ಉದಾಸೀನ ಒಂದುಗೂಡಿದರೆ ಮಾತ್ರ ಅದು ಸಾಧ್ಯ.

ನನ್ನ ಹೆಂಡತಿ ಗಿರಿಜಾ ಬಸುರಿಯಾಗಿದ್ದ ಚಳಿಗಾಲದಲ್ಲಿ ಮಧ್ಯಾಹ್ನವೆಲ್ಲ ಆ ಬಾಗಿಲ ಹೊಸ್ತಿಲಲ್ಲಿ ಬಿಸಿಲು ಕಾಯುತ್ತ ಕೂರುತ್ತಿದ್ದಳು. ಹರಿಹರದವಳು, ಹೊಳೆಯ ದಂಡೆಯಲ್ಲಿ ಬೆಳೆದವಳು. ಒಂದು ಸಂಜೆ ನಾನು ಕಚೇರಿಯಿಂದ ಬಂದಾಗ, "ಈ ಮೂಲೆ ನೋಡಿ ನೋಡಿ ಬ್ಯಾಸರ ಬಂದೈತ್ರಿ. ಏನಾರ ಮಾಡ್ರಿ ಇದನ್ನ," ಎಂದಳು.

"ಪರಿಶೀಲಿಸಲಾಗುವುದು," ಎಂದೆ.

ಅವಳು ನಕ್ಕಳು. ಸಂಕ್ರಾಂತಿ ಆದಮೇಲೆ ಹೆರಿಗೆಗೆ ತವರಿಗೆ ಹೋದಳು. ಕೂಸು ಉಳಿಯಲಿಲ್ಲ. ಅವಳು ತಿರುಗಿ ಬರಲಿಲ್ಲ.

ಪ್ರತಿ ಗುರುವಾರ ಕಚೇರಿಯ ಕೆಲಸದ ಮೇಲೆ ನಾನು ಹರಿಹರಕ್ಕೆ ಹೋಗಬೇಕಿತ್ತು. ಅರ್ಧ ಗಂಟೆಯ ರೈಲು. ಕೆಲಸ ಮುಗಿಸಿ ಮಾವನವರ ಮನೆಗೆ ಹೋಗುತ್ತಿದ್ದೆ. ಜಗಲಿಯ ಮೇಲೆ ಚಾಪೆ ಹಾಸುತ್ತಿದ್ದರು, ಮಂಡಕ್ಕಿ ಬರುತ್ತಿತ್ತು, ಚಹಾ ಬರುತ್ತಿತ್ತು. ಅಳಿಯನಿಗೆ ಸಲ್ಲಬೇಕಾದ ಮರ್ಯಾದೆಯಲ್ಲಿ ಎಳ್ಳಷ್ಟೂ ಕಡಿಮೆಯಿರಲಿಲ್ಲ. ಮರ್ಯಾದೆ ಅಷ್ಟು ಕಟ್ಟುನಿಟ್ಟಾಗಿ ಸಲ್ಲುವ ಕಡೆ ಮಾತು ಕಡಿಮೆ. ಬೇಸಿಗೆಯ ಕೊನೆಯ ಒಂದು ಗುರುವಾರ ಗಿರಿಜಾ ಚಹಾದ ಲೋಟ ತೆಗೆದುಕೊಳ್ಳಲು ಬಂದಾಗ ಮೆಲ್ಲಗೆ ಕೇಳಿದೆ.

"ಯಾವಾಗ ಬರ್ತೀಯ?"

"ನೋಡಾಣ್ರಿ." ಲೋಟ ಎತ್ತಿಕೊಂಡಳು. "ಅಲ್ಲಿ ಬಂದು ಏನು ಮಾಡ್ಲಿ? ಮತ್ತೆ ಅದೇ ಹೊಸ್ತಿಲು, ಅದೇ ಮೂಲೆ."

ಅವಳ ದುಃಖಕ್ಕೆ ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ಮೂಲೆಗೆ ಏನು ಮಾಡಬೇಕೆಂದೂ ಗೊತ್ತಿರಲಿಲ್ಲ. ಆದರೆ ಅದನ್ನು ನಾಲ್ಕು ಜನರನ್ನು ಕೇಳಿ ತಿಳಿದುಕೊಳ್ಳಬಹುದಿತ್ತು. ರೈಲಿನಲ್ಲಿ ವಾಪಸು ಬರುವಾಗಲೇ ಯೋಜನೆ ಮಂಜೂರಾಯಿತು. ಮೂಲೆ ಬದಲಾದರೆ ಅವಳು ಬರುತ್ತಾಳೆ. ಅರ್ಜಿದಾರರ ಅಹವಾಲು ಸ್ಪಷ್ಟವಿತ್ತು.

ಮೊದಲು ಕೇಳಿದ್ದು ಪಕ್ಕದ ಮನೆಯ ಗುರುಬಸಮ್ಮನವರನ್ನು. ನಮ್ಮ ಮನೆಯ ಮಾಲೀಕರೂ ಅವರೇ. ಬೆಳಗಿನ ಲಿಂಗಪೂಜೆಗೆ ಅಂಗಡಿಯ ಹೂ ಮುಟ್ಟದ ಹೆಂಗಸು. ಅವರ ಹಿತ್ತಲಲ್ಲಿ ಬಿಲ್ವ, ಕಣಗಿಲೆ, ಮಲ್ಲಿಗೆ, ಮರುಗ ಎಲ್ಲ ಒಂದರ ಮೈಮೇಲೆ ಒಂದು ಬಿದ್ದುಕೊಂಡಿದ್ದವು. ನಮ್ಮಿಬ್ಬರ ಹಿತ್ತಲ ನಡುವೆ ಎದೆಯೆತ್ತರದ ಗೋಡೆ. ಅವರ ತಲೆ ಮಾತ್ರ ಆ ಗೋಡೆಯ ಮೇಲೆ ಕಾಣುತ್ತಿತ್ತು. ಆ ತಲೆಗೆ ಕಾಣದ್ದು ನಿಟ್ಟುವಳ್ಳಿಯಲ್ಲಿ ಏನೂ ಇರಲಿಲ್ಲ.

"ಅಮ್ಮಾರೆ, ನಿಮ್ಮ ಮಲ್ಲಿಗೆಯದೊಂದು ಕಡ್ಡಿ ಕೊಡ್ತೀರಾ?"

"ಕೊಡಲ್ಲ."

ನಾನು ಪೆಚ್ಚಾಗಿ ನಿಂತೆ.

"ಕೇಳಿ ಇಸ್ಕಂಡ ಕಡ್ಡಿ ಚಿಗುರಲ್ಲ ತಮ್ಮಾ. ಕದೀಬೇಕು. ಓದಿದೋನು, ಅಷ್ಟೂ ಗೊತ್ತಿಲ್ಲೇನು?"

"ಹೆಂಗೆ ಕದೀಲಿ ಅಮ್ಮಾರೆ, ನೀವು ಇಲ್ಲೇ ನಿಂತೀರಲ್ಲ?"

"ಅದಕ್ಕೇ ಒಳಗೆ ಹೋಗ್ತೀನಿ. ಒಲೆ ಮ್ಯಾಲೆ ಹಾಲೈತೆ, ಉಕ್ಕಿದ್ರೆ ಕಷ್ಟ." ಎರಡು ಹೆಜ್ಜೆ ಹೋದ ತಲೆ ಮತ್ತೆ ತಿರುಗಿತು. "ಎಡಗಡೆ ಕೊಂಬೆ ಮುರಕೋ. ಬಲಗಡೇದು ಮುಟ್ಟಬ್ಯಾಡ."

ಹೀಗೆ ನಾನು ಸರ್ಕಾರಿ ನೌಕರನಾಗಿದ್ದೂ ಕಳ್ಳತನಕ್ಕಿಳಿದೆ. ಅದಕ್ಕೊಂದು ಶಿಸ್ತಿತ್ತು. ಗಿಡದ ಒಡೆಯರು ಏನಾದರೂ ನೆಪ ಹೇಳಿ ಒಳಗೆ ಹೋಗಬೇಕು. ಕಳ್ಳ ಬೇಗ ಕೆಲಸ ಮುಗಿಸಬೇಕು, ಉಪಕಾರವಾಯಿತು ಎನ್ನಬಾರದು. ಒಡೆಯರು ತಿರುಗಿ ಬಂದು, ಮುರಿದ ಗೆಣ್ಣಿನಿಂದ ಇನ್ನೂ ಹಸಿ ಒಸರುತ್ತಿದ್ದರೂ ಕಾಣದವರಂತೆ ಮಳೆಯ ವಿಷಯ ಮಾತಾಡಬೇಕು. ದಾವಣಗೆರೆಯಲ್ಲಿ ಗಿಡ ಬೆಳೆಸುವವರೆಲ್ಲ ಈ ಕಾನೂನಿಗೆ ಬದ್ಧರಾಗಿದ್ದರು. ಸರ್ಕಾರದ ಕಾನೂನುಗಳಿಗೆ ಆ ಭಾಗ್ಯ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಗುರುಬಸಮ್ಮನವರ ತಮ್ಮ ಚನ್ನಬಸಪ್ಪನವರಿಗೆ ಮಂಡಿಪೇಟೆಯಲ್ಲಿ ಶೇಂಗಾ ವ್ಯಾಪಾರ. ಅಂಗಡಿಯ ಹಿಂದಿನ ಅಂಗಳದಲ್ಲಿ ಗುಲಾಬಿ ಬೆಳೆಸುತ್ತಿದ್ದರು. ಅಕ್ಕ ಹೇಳಿ ಕಳಿಸಿದ್ದರಿಂದ ನನ್ನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ, "ಗಿರಾಕಿ ಬಂದಂಗೈತೆ, ಬಂದೆ ಇರ್ರಿ," ಎಂದು ಧರ್ಮಪ್ರಕಾರ ನೆಪ ಹೇಳಿ ಒಳಗೆ ಹೋದರು. ನಾನು ಕತ್ತರಿ ಹಿಡಿದು ಬಗ್ಗಿದೆ. ಒಳಗಿನಿಂದ ದನಿ ಬಂತು.

"ಅದಲ್ಲ, ಅದರ ಪಕ್ಕದ್ದು."

ಪಕ್ಕದ್ದಕ್ಕೆ ಕೈ ಹಾಕಿದೆ.

"ಅದೂ ಬ್ಯಾಡ ಬಿಡ್ರಿ. ಹಿಂದಗಡೆ ಒಂದು ಸೊರಗಿದ್ದೈತೆ ನೋಡ್ರಿ."

ಕದಿಯುವವನಿಗೆ ಒಡೆಯ ಮಾರ್ಗದರ್ಶನ ಮಾಡುವ ಈ ಪದ್ಧತಿ ಅವರ ಮನೆಯದೇ ಇರಬೇಕು. ಆ ಸೊರಗಿದ ಗುಲಾಬಿಯ ನಷ್ಟ ತುಂಬಿಕೊಡುವವರಂತೆ ಅವರು ಒಂದು ಚೀಲ ಶೇಂಗಾ ಹಿಂಡಿ ಹೊರಿಸಿ ಕಳಿಸಿದರು. "ಬುಡಕ್ಕೆ ಹಾಕ್ರಿ, ಆಮೇಲೆ ನೋಡ್ರಿ," ಎಂದರು. ಹಾಕಿದೆ. ಬೆಳಿಗ್ಗೆ ನೋಡಿದೆ. ನಿಟ್ಟುವಳ್ಳಿಯ ನಾಯಿಗಳೆಲ್ಲ ಸೇರಿ ಮೂಲೆಯನ್ನು ಆಳವಾಗಿ ಉತ್ತು, ಹಿಂಡಿ ತಿಂದು, ಗುಲಾಬಿಯನ್ನು ಗೋಡೆಯ ಬುಡಕ್ಕೆ ಎಸೆದು ಹೋಗಿದ್ದವು. ಚನ್ನಬಸಪ್ಪನವರು ಭಾನುವಾರ ಬಂದು ಪರಿಶೀಲಿಸಿ, "ಮಣ್ಣು ಮಾತ್ರ ಚಲೋ ಸಡಿಲಾಗೈತೆ," ಎಂದರು.

ಮೂರನೆಯವರು ಹರಿಹರ ಸ್ಟೇಷನ್ನಿನ ಹುಸೇನ್ ಸಾಬರು. ರೈಲಿನ ಸಿಗ್ನಲ್ ಕಂಬಗಳ ದೀಪ ನೋಡಿಕೊಳ್ಳುವುದು ಅವರ ಕೆಲಸ, ಸ್ಟೇಷನ್ನಿನ ತೋಟ ಅವರ ಪ್ರತಿಷ್ಠೆ. ಸುಣ್ಣ ಬಳಿದ ಇಟ್ಟಿಗೆಗಳನ್ನು ಓರೆಯಾಗಿ ಹೂತು, ನಡುವೆ ಬಣ್ಣದೆಲೆಯ ಗಿಡ ನೆಟ್ಟು, ಬಿಳಿ ಕಲ್ಲುಗಳಲ್ಲಿ ಊರ ಹೆಸರು ಬರೆದಿದ್ದರು. ಗುರುವಾರದ ಸಂಜೆ ರೈಲಿಗೆ ಕಾಯುವಾಗ ಅವರ ಸ್ನೇಹವಾಯಿತು. ನಮ್ಮ ಎರೆಮಣ್ಣಿನ ಕಥೆ ಕೇಳಿ, "ಆ ಮಣ್ಣು ಬಿಸಿಲಿಗೆ ಬಾಯಿ ಬಿಡ್ತೈತೆ, ಮಳೆಗೆ ಕಾಲು ಹಿಡೀತೈತೆ ಸಾಹೇಬ್ರ. ಹೊಳೆ ಮಣ್ಣು ಒಯ್ರಿ," ಎಂದು ತಾವು ಕೂಡಿಟ್ಟಿದ್ದ ಮೆಕ್ಕಲು ಮಣ್ಣನ್ನು ಚೀಲಕ್ಕೆ ತುಂಬಿದರು. ಹೀಗೆ ವಾರಕ್ಕೊಂದು ಚೀಲ ಹೊಳೆಮಣ್ಣನ್ನು ತೊಡೆಯ ಮೇಲೆ ಇಟ್ಟುಕೊಂಡು ಪ್ರಯಾಣ ಮಾಡಿದೆ. ಅದು ಹರಿಹರದ್ದೆಂದು ತಿಳಿದ ಒಬ್ಬ ಅಜ್ಜಿ ಚೀಲವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ನಾನು ತಡೆಯಲಿಲ್ಲ. ಗಿರಿಜಾಳ ಊರಿನ ಮಣ್ಣು ಎನ್ನುವುದು ನನಗೂ ಸ್ವಲ್ಪ ಹಾಗೆಯೇ ಇತ್ತು.

ಮೃಗಶಿರಾ ಮಳೆ ಹೆಸರಿಗೆ ಬಂತು, ಆರಿದ್ರಾ ನಿಜವಾಗಿ ಬಂತು. ಬೂದಿಗುಡ್ಡೆ ತೆಗೆದೆ. ಬಚ್ಚಲ ನೀರಿಗೆ ಕಾಲುವೆ ತೋಡಿ, ಹೊಸದಾಗಿ ನೆಟ್ಟ ಬಾಳೆಯ ಬುಡಕ್ಕೆ ತಿರುಗಿಸಿದೆ. ಭದ್ರೆಯ ಕಾಲುವೆಗೂ ಅಷ್ಟು ಚರ್ಚೆ ನಡೆದಿರಲಾರದು. ಕಾಲುವೆ ಗೋಡೆಯ ಪಕ್ಕ ಹೋಗಬೇಕೆಂದು ಗುರುಬಸಮ್ಮನವರು, ನಡುವೆ ಹೋಗಬೇಕೆಂದು ಅವರ ತಮ್ಮ. ಒಂದು ಭಾನುವಾರವೆಲ್ಲ ಅಕ್ಕತಮ್ಮಂದಿರು ಹುಟ್ಟಿದಂದಿನಿಂದ ಬಾಕಿಯಿದ್ದ ಜಗಳಗಳನ್ನೆಲ್ಲ ಆ ಗೇಣಗಲದ ತೋಡಿನಲ್ಲಿ ಹರಿಸಿದರು. ಆವರಗೆರೆಯಿಂದ ಗಾಡಿಯಲ್ಲಿ ಕೊಟ್ಟಿಗೆ ಗೊಬ್ಬರ ಬಂತು, ಅದೇ ಗಾಡಿಯಲ್ಲಿ ಒಂದು ಚಪ್ಪಡಿ ಕಲ್ಲೂ ಬಂತು. ಬಿರುಕು ಒರಳನ್ನು ಮಗುಚಿ ಹಾಕಿ, ಅದರ ಮೇಲೊಂದು ಕಡೆ, ಇಟ್ಟಿಗೆಗಳ ಮೇಲೊಂದು ಕಡೆ ಚಪ್ಪಡಿ ಕೂರಿಸಿದೆವು. ಹೊಸ್ತಿಲ ಬದಲು ಗಿರಿಜಾ ಅಲ್ಲಿ ಕೂರಬಹುದು. ಅದಕ್ಕೆ ಎದುರಾಗಿ ಮಲ್ಲಿಗೆಯ ಚಪ್ಪರ, ಸುತ್ತ ಮರುಗ.

ಹುಸೇನ್ ಸಾಬರು ರಜೆಯ ದಿನ ಬಂದು ನೋಡಿದರು. ಎಲ್ಲ ಒಪ್ಪಿಗೆಯಾಯಿತು, ಒಂದು ಕೊರತೆ ಕಂಡಿತು.

"ಬಿಳಿ ಕಲ್ಲಾಗೆ ಅಮ್ಮಾರ ಹೆಸರು ಬರೀಬೇಕ್ರಿ ಸಾಹೇಬ್ರ."

"ಬ್ಯಾಡ ಬಿಡ್ರಿ ಸಾಬರೆ. ನೋಡಿದೋರು ನಗ್ತಾರೆ."

"ನಗ್ಲಿ ಬಿಡ್ರಿ. ಹೆಸರು ಇಲ್ಲಂದ್ರೆ ಇಳಿಯೋರಿಗೆ ಊರು ಹೆಂಗ್ರಿ ಗೊತ್ತಾಗ್ತೈತೆ?"

ಗೋಡೆಯ ಮೇಲಿನ ತಲೆ ನಗಲಿಲ್ಲ. ಆಗ ನನಗೆ ತಿಳಿಯಿತು, ಈ ಕೆಲಸ ಯಾಕೆ ನಡೆಯುತ್ತಿದೆಯೆಂದು ಇವರೆಲ್ಲರಿಗೂ ಗೊತ್ತಿದೆ. ಅಲ್ಲಿಯವರೆಗೆ ನಾನು ಯಾರಿಗೂ ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ. ಕದ್ದ ಕಡ್ಡಿಯನ್ನು ಹೇಗೋ ಹಾಗೆಯೇ, ಅದನ್ನೂ ಕಾಣದವರಂತೆ ಇದ್ದರು.

ಭಾನುವಾರ ಕತ್ತಲಾಗುವ ಹೊತ್ತಿಗೆ ಎಲ್ಲ ಎದ್ದು ಹೋಗುತ್ತಿದ್ದರು. ಚನ್ನಬಸಪ್ಪನವರಿಗೆ ಅಂಗಡಿ, ಸಾಬರಿಗೆ ರೈಲು, ಗುರುಬಸಮ್ಮನವರಿಗೆ ಪೂಜೆ. ಆಮೇಲೆ ಚಪ್ಪಡಿಯ ಮೇಲೆ ನಾನೊಬ್ಬನೇ. ಖಾನಾವಳಿಯಲ್ಲಿ ಊಟ ಮುಗಿಸಿ ಬಂದು ಮತ್ತೆ ಅಲ್ಲೇ ಕೂರುತ್ತಿದ್ದೆ, ಅವಳು ಕೂರಬೇಕಾದ ಜಾಗ ಬಿಟ್ಟು ಒಂದು ಪಕ್ಕಕ್ಕೆ. ಅವರು ಯಾರೂ ಬಾರದಿದ್ದ ಒಂದು ಭಾನುವಾರದ ಸಂಜೆ ಇಡೀ ದಿನದಲ್ಲಿ ನಾನು ಆಡಿದ ಮಾತು ಖಾನಾವಳಿಯಲ್ಲಿ ಅಂದ "ಸಾಕು" ಒಂದೇ ಎಂದು ನೆನಪಾಯಿತು. ಅದು ಸರಿಯಲ್ಲವೆನಿಸಿ ಬಾಳೆಗಿಡಕ್ಕೆ ಹವಾಮಾನದ ವಿಷಯ ಎರಡು ಮಾತು ಹೇಳಿದೆ.

ಶ್ರಾವಣ ಬಂತು. ಪಂಚಮಿಗೆ ಬೀದಿಯ ಹೆಂಗಸರೆಲ್ಲ ತವರಿಗೆ ಹೋದರು. ಗಂಡಸರು ಸುಟ್ಟ ರೊಟ್ಟಿ, ಉಪ್ಪಿಲ್ಲದ ಸಾರಿನ ದೂರು ಹೇಳಿಕೊಂಡು ಬೀದಿಯಲ್ಲಿ ನಿಲ್ಲುತ್ತಿದ್ದರು. ಆ ಒಂದು ವಾರ ನಾನೂ ಅವರಲ್ಲೊಬ್ಬ. ನನ್ನ ಹೆಂಡತಿಯೂ ತವರಿಗೆ ಹೋಗಿದ್ದಾಳೆ ಎಂದು ತಲೆಯೆತ್ತಿ ಹೇಳುತ್ತಿದ್ದೆ. ವಾರ ಕಳೆದಮೇಲೆ ಒಂದೊಂದೇ ಮನೆಯಲ್ಲಿ ಒಲೆ ಹೊಗೆಯಾಡತೊಡಗಿತು, ನಾನು ಮತ್ತೆ ಖಾನಾವಳಿಗೆ ನಡೆದೆ.

ಗಿಡಗಳೇನೋ ಹಿಡಿದವು. ಎಲ್ಲಕ್ಕಿಂತ ಮರುಗ ಚೆನ್ನಾಗಿ ಬಂತು. ಮಘಾ ಮಳೆಯ ಹೊತ್ತಿಗೆ ಒಂದು ಕಡೆ ವಿಪರೀತ ದಟ್ಟವಾಗಿ, ಚಪ್ಪಡಿಯ ಇನ್ನೊಂದು ಪಕ್ಕ ಬೋಳಾಗಿತ್ತು. ಅಲ್ಲಿಂದ ಕಡ್ಡಿ ಮುರಿದು ಇಲ್ಲಿ ನೆಡಬೇಕು. ನಾನು ಕಾನೂನು ಪಾಲಿಸುವವನು. ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಚಿತಮಾಡಿಕೊಂಡು, ಗಬಕ್ಕನೆ ಕಡ್ಡಿ ಮುರಿದು ಪಂಚೆಯ ಮಡಿಲಿಗೆ ಸೇರಿಸಿದೆ. ಗೋಡೆಯ ಮೇಲೆ ತಲೆ ಮೂಡಿತು. ಗುರುಬಸಮ್ಮನವರು ಕೆಮ್ಮು ಬರುವವರೆಗೆ ನಕ್ಕರು.

"ಯಾಕ ತಮ್ಮಾ, ನಿನ್ನ ಮನೆಯಾಗೆ ನೀನೇ ಕದೀತೀಯೇನು? ಸ್ವಂತ ಮನೇದು ಯಾರಾರ ಕದೀತಾರಾ? ಕದಿಯಾಕ ಅದು ಬ್ಯಾರೆಯೋರ ಮನೆ ಆಗಿರಬೇಕು. ನಿಂದು ನೀನು ಎದೆ ಉಬ್ಬಿಸಿ ಮುರಿ, ಚಿಗುರ್ತೈತೆ."

ಎದೆ ಉಬ್ಬಿಸಿ ಮುರಿದೆ. ಚಿಗುರಿತು.

ಮಹಾನವಮಿ ಮುಗಿದ ಮರುದಿನ, ಬನ್ನಿ ಕೊಡುವ ದಿನ, ಗಿರಿಜಾ ಬರುತ್ತಾಳೆಂದು ಹಿಂದಿನ ಗುರುವಾರವೇ ಅವಳ ಅಣ್ಣ ಹೇಳಿದ್ದರು. "ಕರಕೊಂಡು ಬರ್ತೀನಿ," ಎಂದಷ್ಟೇ. ಬಿಟ್ಟು ಹೋಗುತ್ತೇನೆ ಎಂದಿರಲಿಲ್ಲ. ನಾನು ಕೇಳಲೂ ಇಲ್ಲ. ಯೋಜನೆಯ ಸದಸ್ಯರಿಗೆಲ್ಲ ಸುದ್ದಿ ಮುಟ್ಟಿತು. ಚನ್ನಬಸಪ್ಪನವರು ತಮ್ಮ ಅತ್ಯುತ್ತಮ ಗುಲಾಬಿಯ ಕಡ್ಡಿಯನ್ನು ತಾವೇ ಕತ್ತರಿಸಿ, ಕಾನೂನನ್ನೂ ಮರೆತು ಕಳಿಸಿಕೊಟ್ಟರು. ಅದು ಚಿಗುರಲಿಲ್ಲವೆಂಬುದನ್ನು ಶಾಸ್ತ್ರದ ಗೌರವಾರ್ಥ ಇಲ್ಲಿ ದಾಖಲಿಸುತ್ತೇನೆ.

ಬೆಳಗಿನ ರೈಲಿಗೆ ಬಂದರು. ಗಿರಿಜಾ ಸೊರಗಿದ್ದಳು. ನನಗೆ ಬನ್ನಿ ಎಲೆ ಕೊಟ್ಟು ಕಾಲಿಗೆ ಬಗ್ಗಿದಳು. ನಾನೂ ಅವಳ ಕೈಗೆ ಬನ್ನಿ ಕೊಟ್ಟೆ. ಬಂಗಾರದಂತೆ ಇರೋಣ ಎಂದು ಎಲ್ಲರೂ ಹೇಳುವ ಮಾತನ್ನು ಇಬ್ಬರೂ ಒಟ್ಟಿಗೆ ಶುರುಮಾಡಿ ಇಬ್ಬರೂ ಅರ್ಧಕ್ಕೆ ನಿಲ್ಲಿಸಿದೆವು. ಅವಳ ಅಣ್ಣ ಪಡಸಾಲೆಯಲ್ಲಿ ಪತ್ರಿಕೆ ಬಿಡಿಸಿಕೊಂಡು ಅದರ ಹಿಂದೆ ಮರೆಯಾದರು. ಅವಳು ತಾನಾಗಿ ಎದ್ದು ಹಿತ್ತಲ ಬಾಗಿಲ ಕಡೆ ನಡೆದಳು. ನಾನು ಹಿಂದೆ ಹೋದೆ.

ಹೊಸ್ತಿಲ ಮೇಲೆ ಬಹಳ ಹೊತ್ತು ನಿಂತು ನೋಡಿದಳು. ಮಲ್ಲಿಗೆ ಚಪ್ಪರಕ್ಕೆ ಹತ್ತಿತ್ತು. ರಾತ್ರಿ ಹಸ್ತಾ ಮಳೆ ಹನಿದು ಎಲ್ಲ ತೊಳೆದಿಟ್ಟಂತಿತ್ತು. ಹೋಗಿ ಚಪ್ಪಡಿಯ ಮೇಲೆ ಕೂತಳು, ನಾನು ಆ ಮಳೆಗಾಲವೆಲ್ಲ ಬಿಟ್ಟುಕೊಂಡು ಬಂದಿದ್ದ ಜಾಗದಲ್ಲೇ.

"ಇದನ್ನೆಲ್ಲ ನೀವೇ ಮಾಡಿದ್ರಾ?"

"ನಾಲ್ಕು ಜನ ಸೇರಿ ಮಾಡಿದ್ವಿ."

"ಚಲೋ ಆಗೈತ್ರಿ." ಕೈಯಿಂದ ಕಲ್ಲನ್ನು ಸವರಿದಳು. "ಆ ಒರಳು ಎಲ್ಲಿ ಹೋತು?"

"ನೀನು ಕೂತ ಕಲ್ಲಿನ ಕೆಳಗೇ ಐತೆ. ಮಗುಚಿ ಹಾಕೀವಿ."

ಅವಳು ಬಗ್ಗಿ ನೋಡಿದಳು. "ಅದರಾಗೆ ನೀರು ನಿಂತಿರ್ತಿತ್ತು. ಗುಬ್ಬಿ ಬಂದು ಮೈ ತೊಳಕಂತಿದ್ವು. ಆವಾಗ ದಿನಾ ಅದನ್ನೇ ನೋಡ್ತಾ ಕೂಡ್ರತಿದ್ದೆ."

ಆವಾಗ ಎಂದರೆ ಯಾವಾಗ ಎಂದು ನಾನು ಕೇಳಬೇಕಿರಲಿಲ್ಲ. ಆ ಮೂಲೆಯ ಬಗ್ಗೆ ಅಷ್ಟು ಜನರನ್ನು ಕೇಳಿದ್ದೆ. ಗುಬ್ಬಿಗಳ ವಿಷಯ ಯಾರಿಗೂ ಗೊತ್ತಿರಲಿಲ್ಲ.

"ಮತ್ತೆ ತಿರುವಿ ಇಡಾಣ," ಎಂದೆ.

"ಬ್ಯಾಡ್ರಿ. ಈಗ ಚಲೋ ಐತೆ." ನನ್ನ ಮುಖ ನೋಡದೆ ಕೇಳಿದಳು: "ಕುಡಿಯಾಕೆ ಒಂಚೂರು ನೀರು ತಂದು ಕೊಡ್ತೀರಾ?"

ನೀರಿನ ಕೊಡ ಅಡುಗೆಮನೆಯಲ್ಲಿ, ಮದುವೆಯಾಗಿ ಬಂದ ಮೊದಲ ವಾರ ಅವಳೇ ಇಟ್ಟ ಜಾಗದಲ್ಲೇ ಇತ್ತು. ಲೋಟ ಅದರ ಮೇಲೆ ಬೋರಲು ಹಾಕಿತ್ತು, ಅವಳು ಹಾಕುತ್ತಿದ್ದಂತೆಯೇ. ಆ ಮನೆಯಲ್ಲಿ ಅವಳು ನನ್ನನ್ನು ನೀರು ಕೇಳಿದ್ದು ಅದೇ ಮೊದಲು. ಕೊಡದ ಮುಂದೆ ನಿಂತಮೇಲೆ ನನಗೆ ಅರ್ಥವಾಯಿತು. ತೊಳೆದಿದ್ದ ಲೋಟವನ್ನು ಮತ್ತೆ ತೊಳೆದೆ. ಹಿತ್ತಲವರೆಗೆ ಕೇಳಿಸಲಿ ಎಂದು ತಟ್ಟೆಯೊಂದನ್ನು ಬಡಿದು ಒಂದಿಷ್ಟು ಸದ್ದು ಮಾಡಿದೆ. ಒಡೆಯ ಮಾಡಬೇಕಾದ್ದನ್ನೆಲ್ಲ ಮಾಡಿ, ಸಾಕಷ್ಟು ಹೊತ್ತಾದಮೇಲೆ ನೀರು ತುಂಬಿಕೊಂಡು ಹೊರಗೆ ಬಂದೆ.

ಅವಳು ಕೂತಲ್ಲೇ ಕೂತಿದ್ದಳು. ಸೆರಗಿನ ತುದಿ ಮುಷ್ಟಿಯೊಳಗೆ ಗಂಟಾಗಿತ್ತು. ಮೂಲೆಯ ತುಂಬ ಆಗಷ್ಟೇ ಮುರಿದ ಮರುಗದ ವಾಸನೆ. ನೀರು ಕುಡಿದು ಲೋಟ ಕೊಟ್ಟಳು.

"ಈ ವರ್ಷ ಮಳೆ ಚಲೋ ಆತು," ಎಂದೆ.

"ಹೌದ್ರಿ," ಎಂದಳು.

ಒಳಗಿನಿಂದ ಅವಳ ಅಣ್ಣ ರೈಲಿನ ಹೊತ್ತಾಯಿತೆಂದು ಕರೆದರು. ಕಾನೂನಿನಂತೆ ಅವಳು ಉಪಕಾರದ ಮಾತಾಡಲಿಲ್ಲ. ನಾನು ಬಾಗಿಲವರೆಗೆ ಹೋದೆ. ಹೊಳೆಯ ದಂಡೆಯ ಮಣ್ಣು, ಅಲ್ಲಿ ಮರುಗ ಇನ್ನೂ ಚೆನ್ನಾಗಿ ಬರುತ್ತದೆ ಎಂದು ಹೇಳಬೇಕೆನಿಸಿತು. ಒಡೆಯ ಹಾಗೆ ಹೇಳುವುದು ಕಾನೂನಿಗೆ ವಿರುದ್ಧ.

ತಿರುಗಿ ಹಿತ್ತಲಿಗೆ ಬಂದೆ. ದಟ್ಟವಾಗಿದ್ದ ಕಡೆ, ಕೈಗೆ ಎಟುಕುವಷ್ಟರಲ್ಲಿ, ಒಂದು ಟೊಂಗೆ ಚೊಕ್ಕವಾಗಿ ಮುರಿದಿತ್ತು. ಬೇಕೆಂದಿದ್ದರೆ ಬುಟ್ಟಿ ತುಂಬ ಮುರಿದುಕೊಳ್ಳಬಹುದಿತ್ತು, ಎದೆ ಉಬ್ಬಿಸಿ, ತನ್ನದೆಂದು. ಅವಳು ಕದ್ದಿದ್ದಳು. ತೋಟ ಅವಳಿಗೆ ಮೆಚ್ಚಿಗೆಯಾಗಿತ್ತು, ಅದರಲ್ಲಿ ಅನುಮಾನವಿಲ್ಲ. ಮೆಚ್ಚಿದ ತೋಟದಿಂದ, ಬೇರೆಯವರ ಮನೆಯಲ್ಲಿ ನಡೆದುಕೊಳ್ಳಬೇಕಾದಂತೆ ನಡೆದುಕೊಂಡು, ಚಿಗುರಲೆಂದು ಒಂದು ಕಡ್ಡಿ ಒಯ್ದಿದ್ದಳು. ಬಿಳಿ ಕಲ್ಲಿನಲ್ಲಿ ಹೆಸರು ಬರೆಯದಿದ್ದರೂ ಊರು ಅವಳಿಗೆ ಗೊತ್ತಾಗಿತ್ತು. ಇಳಿಯಲಿಲ್ಲ, ಅಷ್ಟೆ.

ಗೋಡೆಯ ಮೇಲೆ ತಲೆ ಬಂತು. ಇಷ್ಟು ಹೊತ್ತು ಬಾರದಿರಲು ಅದು ಎಷ್ಟು ಕಷ್ಟಪಟ್ಟಿರಬೇಕು.

"ಏನಂದ್ಳು ತಮ್ಮಾ?"

"ಚಲೋ ಆಗೈತೆ ಅಂದ್ಳು ಅಮ್ಮಾರೆ."

ಗುರುಬಸಮ್ಮನವರು ಮುರಿದ ಟೊಂಗೆಯನ್ನು ನೋಡಿದರು. ನನ್ನನ್ನು ನೋಡಿದರು. ಮಳೆಯ ವಿಷಯ ಎತ್ತುತ್ತಾರೆ ಅಂದುಕೊಂಡೆ, ಎತ್ತಲಿಲ್ಲ.

"ಒಳಗೆ ಹೋಗ್ತೀನಪ್ಪಾ," ಎಂದರು. "ಒಲೆ ಮ್ಯಾಲೆ ಹಾಲೈತೆ."

ನಡುಹಗಲು ಅದು. ಅವರ ಮನೆಯ ಹಾಲು ಬೆಳಿಗ್ಗೆಯೇ ಕಾಯಿಸಿ ಆಗಿರುತ್ತಿತ್ತು. ಅವರು ಬಾಗಿಲು ಮುಂದೆ ಮಾಡಿಕೊಂಡು ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ಚಪ್ಪಡಿಯ ಮೇಲೆ ಕೂತೆ.